ಲ್ಯಾಸರ್ಟೈನ್ ಎಂಬ ಶಬ್ದದ ಪರವಾಗಿ, ಬಹುಮಟ್ಟಿಗೆ

ಸರಳವಾದ ಮಾತೇ ಸತ್ಯವಾದ ಮಾತೆಂದೂ, ಅಪೂರ್ವ ಶಬ್ದವನ್ನು ಬಳಸುವವನು ಪಂಡಿತಂಮನ್ಯನೋ ಇಲ್ಲವೇ ಏನನ್ನೋ ಮರೆಮಾಚುವವನೋ ಆಗಿರಬೇಕೆಂದೂ ಇಂಗ್ಲಿಷ್ ಗದ್ಯವನ್ನು ಬೋಧಿಸತಕ್ಕವರು ಒಕ್ಕೊರಲಿನಿಂದ ಸಾರುವುದನ್ನು ಕೇಳಿ ಕೇಳಿ ನನಗೆ ರೇಗಿಹೋಗಿದೆ. ಐರ್ಲೆಂಡಿನ ಪ್ರಾಚೀನ ಹಸ್ತಪ್ರತಿಗಳನ್ನು ಕುರಿತು ನಾನು ಬರೆದ ಇಂಗ್ಲಿಷ್ ಲೇಖನವೊಂದನ್ನು ಅಧ್ಯಾಪಕ ಮಿತ್ರರೊಬ್ಬರು ಓದಿ, ಅದರಲ್ಲಿದ್ದ ‘ಲ್ಯಾಸರ್ಟೈನ್’ ಎಂಬ ಶಬ್ದದಡಿಯಲ್ಲಿ ಗೆರೆಯೆಳೆದು, “ಹಲ್ಲಿಯಂತಹ ಎಂದರೆ ಸಾಲದೇ ಸ್ವಾಮಿ?” ಎಂದು ಕೇಳಿದರು. ಸಾಲದೆಂಬುದೇ ನನ್ನ ಪಕ್ಷ.

ಹಲ್ಲಿಯ ಜಾತಿಗೆ ಲ್ಯಾಟಿನಿನಲ್ಲಿರುವ ‘ಲಸೆರ್ಟ’ ಎಂಬ ಹೆಸರಿನಿಂದ ಹುಟ್ಟಿದ ಈ ವಿಶೇಷಣವು ಪ್ರಾಣಿಶಾಸ್ತ್ರದಲ್ಲಿ ಅಲ್ಲಲ್ಲಿ ಕಾಣುವುದಾದರೂ, ಅದಕ್ಕೆ ನಿಜವಾದ ಮನೆ ದೊರೆತದ್ದು ಕಲಾಚರಿತ್ರೆಯಲ್ಲಿ: ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ ಕೆಲ್ಸ್ ಗ್ರಂಥ, ಸುಮಾರು 700ರ ಕಾಲದ ಲಿಂಡಿಸ್‌ಫಾರ್ನ್ ಸುವಾರ್ತೆಗಳು, ಇಂತಹ ಹಸ್ತಪ್ರತಿಗಳ ಅಂಚುಗಳಲ್ಲಿ ದೇಹವನ್ನು ಪಟ್ಟಿಯಂತೆ ನೀಳವಾಗಿಸಿಕೊಂಡು, ಒಂದರೊಳಗೊಂದು ಹೆಣೆದುಕೊಂಡು, ನೆರೆಯದರ ಕಾಲನ್ನೋ ತನ್ನ ಬಾಲವನ್ನೋ ತಾನೇ ಕಚ್ಚಿರುವ ಜಂತುಗಳ ಅಲಂಕರಣಕ್ಕೆ ವಿದ್ವಾಂಸರು ಈ ಹೆಸರನ್ನು ಕೊಟ್ಟರು. ಇಲ್ಲಿ ‘ಹಲ್ಲಿಯಂತಹ’ ಎಂದರೆ ಓದುಗನು ಚಿತ್ರದಲ್ಲಿ ಹಲ್ಲಿಯನ್ನು ಹುಡುಕಲು ಹೊರಡುತ್ತಾನೆ. ‘ಲ್ಯಾಸರ್ಟೈನ್’ ಎಂದರೆ ಒಂದು ಬಗೆಯ ರೇಖಾವಿನ್ಯಾಸವನ್ನು ಹುಡುಕುತ್ತಾನೆ.

ಇಂಗ್ಲಿಷಿನಿಂದ ಲ್ಯಾಟಿನ್ನನ್ನು ತೊಳೆದುಹಾಕಬೇಕೆಂದ ವಿಲಿಯಂ ಬಾರ್ನ್ಸ್ ಮೊದಲಾದ ಹತ್ತೊಂಬತ್ತನೆಯ ಶತಮಾನದ ಶುದ್ಧಿವಾದಿಗಳೊಡನೆ ಜಗಳವಾಡುವ ಉತ್ಸಾಹ ನನಗಿಲ್ಲ. ‘ಲಿಜರ್ಡ್’ ಎಂಬ ಮನೆಮಾತೂ ಫ್ರೆಂಚಿನ ದಾರಿಯಾಗಿ ಬಂದ ಅದೇ ಲ್ಯಾಟಿನ್ ಶಬ್ದ; ಸ್ಪೇನಿನ ದಾರಿಯಾಗಿ ಬಂದ ಅದರ ದಾಯಾದಿ ‘ಆಲಿಗೇಟರ್’. ಅವರಿಗೆ ಇಷ್ಟು ಉತ್ತರ ಸಾಕು.

ನನ್ನ ನಿಜವಾದ ಪ್ರತಿಪಕ್ಷಿ ಜಾರ್ಜ್ ಆರ್ವೆಲ್. ರಾಜಕೀಯವನ್ನೂ ಇಂಗ್ಲಿಷ್ ಭಾಷೆಯನ್ನೂ ಕುರಿತು 1946ರ ಏಪ್ರಿಲಿನಲ್ಲಿ ‘ಹೊರೈಜ಼ನ್’ ಪತ್ರಿಕೆಯಲ್ಲಿ ಆತನು ಪ್ರಕಟಿಸಿದ ಪ್ರಬಂಧವೇ ನನ್ನ ಮಿತ್ರರಂಥವರಿಗೆಲ್ಲ ಧರ್ಮಶಾಸ್ತ್ರ. ನಿತ್ಯದ ಇಂಗ್ಲಿಷ್ ಮಾತು ಹೊಳೆಯುವಲ್ಲಿ ಪರಭಾಷೆಯ ಅಥವಾ ಶಾಸ್ತ್ರದ ಪದವನ್ನು ಬಳಸಕೂಡದೆಂದು ಆತನು ವಿಧಿಸುತ್ತಾನೆ. ಸ್ನ್ಯಾಪ್‌ಡ್ರ್ಯಾಗನ್ ಹೂವು ಆಂಟಿರೈನಮ್ ಆಗಿಹೋದುದಕ್ಕೆ ವ್ಯಥೆಪಡುತ್ತಾನೆ. ಹುಸಿಮಾತು ಹೇಗೆ ಹಿಂಸೆಗೆ ಮುಸುಕಾಗುತ್ತದೆಂಬ ಆತನ ನಿರೂಪಣೆ ಅಪ್ರತಿಮವಾದುದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಹಳ್ಳಿಗಳ ಮೇಲೆ ಬಾಂಬು ಸುರಿಸಿ ಅದನ್ನು ಶಾಂತಿಸ್ಥಾಪನೆಯೆಂದು ಕರೆಯುವವನೂ, ಬಳ್ಳಿಯಂತೆ ಹೆಣೆದುಕೊಂಡ ಜಂತುವಿಗೆ ಲ್ಯಾಟಿನ್ ಹೆಸರಿಟ್ಟ ಬಡ ವಿದ್ವಾಂಸನೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕೇ?

ಅದೇ ಏಪ್ರಿಲಿನಲ್ಲಿ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಆರ್ವೆಲ್ಲನು ನೆಲಗಪ್ಪೆಯ ಮೇಲೊಂದು ಸೊಗಸಾದ ಲೇಖನವನ್ನು ಬರೆದನು. ಚಳಿಗಾಲದ ನಿದ್ದೆ ಮುಗಿಸಿ ಸೊರಗಿ ಹೊರಬಂದ ಆ ಪ್ರಾಣಿಯ ಕಣ್ಣನ್ನು ಬಣ್ಣಿಸಬೇಕಾಗಿ ಬಂದಾಗ ಆತನು ಕೈಚಾಚಿದ್ದು ‘ಕ್ರಿಸೊಬೆರಿಲ್’ ಎಂಬ ಗ್ರೀಕ್ ಮೂಲದ ರತ್ನನಾಮಕ್ಕೆ! ಇದನ್ನು ಕಂಡಾಗ ವಾದವನ್ನು ಗೆದ್ದೆನೆಂದೇ ಹಿಗ್ಗಿದೆನು. ಆದರೆ ಆ ವಾಕ್ಯವನ್ನು ಮತ್ತೊಮ್ಮೆ ಓದಿದರೆ, ಆತನು ಮೊದಲು ಚಿನ್ನವೆನ್ನುತ್ತಾನೆ, ಬಳಿಕ ಮುದ್ರೆಯುಂಗುರದ ಕಲ್ಲನ್ನು ತೋರಿಸುತ್ತಾನೆ, ಹೆಸರನ್ನು ಕೊನೆಗೆ, ಅದೂ ಸಂಕೋಚದಿಂದ, ಹೇಳುತ್ತಾನೆ. ವಸ್ತು ಕಣ್ಣಿಗೆ ಬಿದ್ದ ಮೇಲೆ ಹೆಸರು ಬಂದರೆ ದೋಷವಿಲ್ಲವೆಂಬುದಾದರೆ, ನನ್ನ ಆಯುಧವು ಆತನ ಕೈಗೇ ಸೇರಿತು.

ಆದರೂ ‘ನಿತ್ಯದ ಮಾತು’ ಎಂಬಲ್ಲಿ ಯಾರ ನಿತ್ಯ ಎಂಬ ಪ್ರಶ್ನೆ ಉಳಿಯುತ್ತದೆ. ಬ್ರಿಟನ್ನಿಗೆ ಸಹಜವಾದ ಹಲ್ಲಿಯ ವರ್ಗದ ಪ್ರಾಣಿಗಳು ಮೂರೇ, ಅವುಗಳಲ್ಲೊಂದಕ್ಕೆ ಕಾಲೇ ಇಲ್ಲ. ನಾನಾದರೋ ಗೋಡೆಯ ಹಲ್ಲಿ, ಬೇಲಿಯ ಓತಿಕ್ಯಾತ, ಹುಲ್ಲಿನ ಹಾವುರಾಣಿ, ಬಂಡೆಯ ಉಡ ಇವುಗಳ ನಡುವೆ ಬೆಳೆದು, ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿತವನು. ಬಾಲಪಾಠದ ‘ಲಿಜರ್ಡ್’, ನಿಘಂಟಿನ ‘ಲ್ಯಾಸರ್ಟೈನ್’ ಎರಡೂ ನನಗೆ ಸಮಾನದೂರದ ನೆಂಟರು. ಇಂಗ್ಲಿಷ್ ಕಾದಂಬರಿಗಳಲ್ಲಿ ಮುದುಕರ ನಿಧಾನವಾಗಿ ಮುಚ್ಚುವ ರೆಪ್ಪೆಗಳನ್ನು ‘ಲಿಜರ್ಡಿನಂತಹ’ ಎಂದು ಓದಿದಾಗಲೆಲ್ಲ ನಾನು ತಲೆಯೆತ್ತಿ ದೀಪದ ಬಳಿಯ ಹಲ್ಲಿಯನ್ನು ನೋಡುತ್ತಿದ್ದೆನು: ಅದಕ್ಕೆ ಮುಚ್ಚುವ ರೆಪ್ಪೆಯೇ ಇಲ್ಲ, ನಾಲಗೆಯಿಂದ ಕಣ್ಣನ್ನು ಒರಸಿಕೊಳ್ಳುತ್ತದೆ. ರೆಪ್ಪೆಯಾಡಿಸುವುದು ಯೂರೋಪಿನ ಲಸೆರ್ಟದ ವಂಶ. ಹಾಗಾದರೆ ಆ ಮುದುಕರ ಮಟ್ಟಿಗೆ ನಿಷ್ಕೃಷ್ಟವಾದದ್ದು ಅಪೂರ್ವ ಶಬ್ದವೇ ಹೊರತು ಸರಳವಾದದ್ದಲ್ಲ.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ನಾನು ಯಾವುದನ್ನು ಈ ಶಬ್ದದ ಮನೆಯೆಂದೆನೋ ಅಲ್ಲಿಯೇ ಅದರ ನಡತೆ ಅಷ್ಟೇನೂ ಚೆನ್ನಾಗಿಲ್ಲ. ಲಿಂಡಿಸ್‌ಫಾರ್ನಿನ ಪುಟಗಳಲ್ಲಿ ಹೆಣೆದುಕೊಂಡಿರುವವುಗಳಲ್ಲಿ ಬಹುಭಾಗ ಹಕ್ಕಿಗಳು, ನಾಯಿಯನ್ನು ಹೋಲುವ ಚತುಷ್ಪಾದಿಗಳು. ಪುಕ್ಕವೂ ಪಂಜವೂ ಸ್ಪಷ್ಟವಾಗಿವೆ. ‘ಲ್ಯಾಸರ್ಟೈನ್’ ಎಂದು ನಮೂದಿಸಿ ಮುಂದಿನ ಪುಟಕ್ಕೆ ಸಾಗುವ ವಿದ್ವಾಂಸನು ಆ ಪುಕ್ಕವನ್ನು ನೋಡುವ ಶ್ರಮವನ್ನು ಉಳಿಸಿಕೊಂಡಿರಲೂಬಹುದು, ಮತ್ತು ನೋಡದೆ ಆಡಿದ ಮಾತೆಂದರೆ ಆರ್ವೆಲ್ಲನು ದ್ವೇಷಿಸಿದ್ದು ಅದನ್ನೇ. ಇದಕ್ಕೆ ನನ್ನಲ್ಲಿ ತೃಪ್ತಿಕರವಾದ ಸಮಾಧಾನವಿಲ್ಲ. ಶಬ್ದವನ್ನು ಬಿಟ್ಟುಕೊಡುವ ಮನಸ್ಸೂ ಇಲ್ಲ. ಆ ಗ್ರಂಥಗಳ ಒಳ್ಳೆಯ ಪ್ರತಿಕೃತಿ ಯಾರಿಗಾದರೂ ದೊರೆತರೆ, ನನ್ನನ್ನೂ ಆರ್ವೆಲ್ಲನನ್ನೂ ಬದಿಗಿಟ್ಟು ಮೊದಲು ಆ ಜಂತುಗಳ ಕಾಲುಗಳನ್ನು ಎಣಿಸಿ, ಆಮೇಲೆ ಅವಕ್ಕೆ ಯಾವ ಹೆಸರು ಬೇಕೆಂಬುದನ್ನು ತಿಳಿಸಬೇಕಾಗಿ ಕೋರುತ್ತೇನೆ.