ಸರ್ವರ್ ಸ್ಲೋ ಎನ್ನುವ ಮುನ್ನ

ಶಿವಾಜಿನಗರ ಬಸ್ ನಿಲ್ದಾಣದ ಸುತ್ತಿನ ಜೆರಾಕ್ಸ್ ಅಂಗಡಿಗಳಲ್ಲಾಗಲಿ, ಕೆ.ಆರ್. ಪುರದ ತಾಲ್ಲೂಕು ಕಚೇರಿಯ ಅಕ್ಕಪಕ್ಕದಲ್ಲಾಗಲಿ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಂದು ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ: ‘ಸರ್ವರ್ ಸ್ಲೋ ಇದೆ ಅಮ್ಮಾ, ಸ್ವಲ್ಪ ಕೂತ್ಕೊಳ್ಳಿ.’ ಆದಾಯ ಪ್ರಮಾಣಪತ್ರಕ್ಕೆ ಬಂದ ಅಜ್ಜಿ ಕೂರುತ್ತಾರೆ. ಹಾಲ್ ಟಿಕೆಟ್ ಪ್ರಿಂಟ್ ತೆಗೆಸಬೇಕಾದ ಹುಡುಗಿ ಗಡಿಯಾರ ನೋಡುತ್ತಾಳೆ. ಎಷ್ಟೋ ಸಲ ಆ ಮಾತು ನಿಜವೇ. ಆದರೆ ಸಿಪಿಯು ಡಬ್ಬಿಯ ಸಣ್ಣ ದೀಪ ಬಿಡುವಿಲ್ಲದೆ ಉರಿಯುತ್ತಿದ್ದರೆ, ತಡವಾಗುತ್ತಿರುವುದು ಬಹುಶಃ ಅದೇ ಮೇಜಿನ ಕೆಳಗೆ.

ಹಳೆಯ ಕಂಪ್ಯೂಟರುಗಳಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗಿದರೂ ಒಂದು ಸುತ್ತಿಗೆ 8 ಮಿಲಿಸೆಕೆಂಡ್ ದಾಟುತ್ತದೆ. ಓದುವ ತೋಳು ಬೇಕಾದ ಕಡೆ ಸರಿಯಬೇಕು, ಆಮೇಲೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಹೀಗಾಗಿ ಚದುರಿದ ಜಾಗಗಳಿಂದ ಸೆಕೆಂಡಿಗೆ ಸುಮಾರು 100 ಸಲ ಓದಿದರೆ ಅದೇ ಹೆಚ್ಚು. ಆ ಹೊತ್ತಿಗೆ ಬ್ಯಾಕಪ್ಪೋ ವೈರಸ್ ಸ್ಕ್ಯಾನೋ ಶುರುವಾಯಿತೆನ್ನಿ: ಪ್ರೊಸೆಸರ್ ಖಾಲಿ ಕೂತಿರುತ್ತದೆ, ಮೌಸಿನ ಬಾಣ ಅಲ್ಲಾಡುತ್ತದೆ, ಕ್ಲಿಕ್ ಮಾಡಿದ್ದಕ್ಕೆ ಮಾತ್ರ ಉತ್ತರವಿಲ್ಲ. ಅದೇ ಡಿಸ್ಕಿನ ಫೈಲುಗಳನ್ನು ಪಕ್ಕದ ಎರಡು ಕಂಪ್ಯೂಟರುಗಳೂ ಬಳಸುತ್ತಿದ್ದರೆ ಮೂರು ಕಡೆಯೂ ಕೆಲಸ ನಿಂತಿತು.

ಮುನ್ನೂರು ಪುಟದ ಪುಸ್ತಕ ಜೆರಾಕ್ಸ್ ಮಾಡಿಸುವವರು ಒಂದು ಹಾಳೆಯವರಿಗೆ ದಾರಿ ಬಿಡುವುದನ್ನು ಇದೇ ಅಂಗಡಿಗಳಲ್ಲಿ ದಿನವೂ ಕಾಣುತ್ತೇವೆ. ಯಂತ್ರಕ್ಕೆ ಅದನ್ನು ಕಲಿಸಬೇಕಾಯಿತು. ನಮ್ಮಲ್ಲಿ ಬೆಂಗಳೂರು ಒನ್ ಕೇಂದ್ರಗಳು ಬಾಗಿಲು ತೆರೆದ 2005ರಲ್ಲೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 2.6.13ನೇ ಆವೃತ್ತಿ ಹೊರಬಂತು. ಡಿಸ್ಕಿನ ಸರದಿ ಯಾರಿಗೆಂದು ತೀರ್ಮಾನಿಸುವ, ಯೆನ್ಸ್ ಆಕ್ಸ್‌ಬೋ ಬರೆದ ಸಿಎಫ್‌ಕ್ಯೂ ಶೆಡ್ಯೂಲರಿಗೆ ಅದರಲ್ಲಿ ಹೊಸ ಶಕ್ತಿ ಬಂದಿತ್ತು: ‘ಐಒನೈಸ್’ ಆಜ್ಞೆಯಿಂದ ಯಾವ ಕೆಲಸವನ್ನಾದರೂ ‘ಐಡಲ್’ ದರ್ಜೆಗೆ ಇಳಿಸಬಹುದು. ಆ ದರ್ಜೆಯ ಬ್ಯಾಕಪ್, ಬೇರೆ ಯಾರಿಗೂ ಡಿಸ್ಕ್ ಬೇಡವಾದಾಗ ಮಾತ್ರ ಓದುತ್ತದೆ. ಅಜ್ಜಿಯ ಅರ್ಜಿ ಮುಂದೆ ಹೋಗುತ್ತದೆ. ಇಷ್ಟು ಮಾನವೀಯವಾದ ಸೌಲಭ್ಯ ಇಪ್ಪತ್ತು ವರ್ಷಗಳಿಂದ ಕೈಗೆಟುಕುವಂತಿದ್ದೂ ನಮ್ಮ ಕೌಂಟರುಗಳವರೆಗೆ ಅದರ ಸುದ್ದಿ ತಲುಪಿಲ್ಲವೆಂಬುದೇ ನನ್ನ ಸಂಕಟ. ವಿಂಡೋಸ್ ಕೂಡ ವಿಸ್ಟಾದ ಕಾಲದಿಂದ ಹಿನ್ನೆಲೆಯ ಕೆಲಸಗಳಿಗೆ ಡಿಸ್ಕಿನ ಮಟ್ಟದಲ್ಲಿ ಕಡಿಮೆ ಆದ್ಯತೆ ಕೊಡಬಲ್ಲದು.

ಎಚ್ಚರಿಕೆಯೂ ಬೇಕು. ಬರೆಯುವ ಡೇಟಾ ಮೊದಲು ಮೆಮೊರಿಯಲ್ಲಿ ಗುಡ್ಡೆಬಿದ್ದು ಆಮೇಲೆ ಡಿಸ್ಕಿಗೆ ಇಳಿಯುವುದರಿಂದ, ಓದುವುದರ ಮೇಲಿರುವಷ್ಟು ಹಿಡಿತ ಐಒನೈಸ್‌ಗೆ ಬರೆಯುವುದರ ಮೇಲಿಲ್ಲ. ದೊಡ್ಡ ಫೈಲುಗಳನ್ನು ಕಾಪಿ ಮಾಡುವಾಗ ಕಾಪಿ ಮಾಡುವ ಆರ್‌ಸಿಂಕ್ ತಂತ್ರಾಂಶಕ್ಕೇ ವೇಗದ ಮಿತಿ ಹಾಕುವುದೇ ಮೇಲು. ಸಿಎಫ್‌ಕ್ಯೂ 2019ರಲ್ಲಿ ಲಿನಕ್ಸಿನಿಂದ ಹೊರಬಿತ್ತು. ಈಗ ಐಡಲ್ ದರ್ಜೆ ನಿಜಕ್ಕೂ ಕೆಲಸ ಮಾಡಬೇಕಾದರೆ, 2017ರಲ್ಲಿ ಸೇರಿದ ಬಿಎಫ್‌ಕ್ಯೂ ಎಂಬ ಶೆಡ್ಯೂಲರ್ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳಬೇಕು. ಇಟಲಿಯ ಪಾವೊಲೊ ವಲೆಂಟೆ ಅದರ ಹಿಂದೆ ದುಡಿದವರಲ್ಲಿ ಮುಖ್ಯರು.

ಎಸ್‌ಎಸ್‌ಡಿ ಹಾಕಿಸಿದರೆ ಈ ತೊಂದರೆ ಬಹುಪಾಲು ಕರಗುತ್ತದೆ; ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅಲ್ಲಿಯವರೆಗೆ ಹಲಸೂರಿನ ಸೈಬರ್ ಸೆಂಟರಾಗಲಿ, ಇಂದಿರಾನಗರದ ಸಣ್ಣ ಆಫೀಸಾಗಲಿ, ಬ್ಯಾಕಪ್ಪನ್ನು ಕೈಬಿಡುವುದು ಬೇಡ. ಶಟರ್ ಎಳೆದ ಮೇಲಿನ ಹೊತ್ತಿಗೆ ಅದನ್ನು ಹೊಂದಿಸಿ. ವೈರಸ್ ಸ್ಕ್ಯಾನಿನ ಸಮಯವನ್ನೂ ಒಮ್ಮೆ ತೆರೆದು ನೋಡಿ.