ಭಾನುವಾರ ಯಾರ ಪಾಲಿಗೆ?



ಸ್ವಾಮಿಗಳೇ, ಈ ವಾರದ ಪ್ರಶ್ನೆ ನೋಡಲು ಸಣ್ಣದು. ವಾರಕ್ಕೆ ಆರು ದಿನ ದುಡಿಯುವವನಿಗೆ ಸಿಗುವ ಒಂದು ರಜೆ ಯಾರದು? ಅವನದೇ, ಮನೆಯದೇ, ನೆಂಟರದೇ? ತನ್ನ ಖುಷಿಗೆ ಅಂತ ಅದರಲ್ಲಿ ನಾಲ್ಕು ಗಂಟೆ ತೆಗೆದುಕೊಂಡರೆ ಅದು ಅವನ ಹಕ್ಕೋ, ಮನೆಯವರಿಂದ ಕಿತ್ತುಕೊಂಡದ್ದೋ? ಊರು ಬಿಟ್ಟು ಪುಣೆ, ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿ ದುಡಿಯುವ ನಮ್ಮ ವಯಸ್ಸಿನವರ ಮನೆಗಳಲ್ಲಿ ಶನಿವಾರ ರಾತ್ರಿ ನಡೆಯುವ ಎಷ್ಟೋ ಜಗಳಗಳ ಬೇರು ಇದೇ ಪ್ರಶ್ನೆಯಲ್ಲಿದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಯೋಚಿಸೋಣ.

ನನ್ನ ಭಾನುವಾರವನ್ನೇ ಉದಾಹರಣೆಗೆ ಇಡುತ್ತೇನೆ. ನಾನು ಡಿಪ್ಲೊಮಾ ಮುಗಿಸಿ ಪುಣೆಯಲ್ಲಿ ಐಟಿ ಸಪೋರ್ಟ್ ಕೆಲಸದಲ್ಲಿದ್ದೇನೆ. ಧಾನೋರಿಯಲ್ಲಿ ಮನೆ. ಅಪ್ಪ, ಅವ್ವ, ಅಣ್ಣ, ವೈನಿ, ಅವರ ಪುಟ್ಟ ಮಗಳು, ನಾನು. ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಹಿತ್ತಲು.

ನನ್ನ ಭಾನುವಾರದಲ್ಲಿ ಮೂರು ಪಾಲು. ಬೆಳಿಗ್ಗೆ ಗಾಲ್ಫ್. ನಗಬೇಡಿ ಸ್ವಾಮಿ, ಅದು ಸಾಹೇಬರ ಆಟ ಅಂತ ನನಗೂ ಗೊತ್ತು. ಆಫೀಸಿನ ಹಿರಿಯರೊಬ್ಬರು ಯೆರವಡದ ಗಾಲ್ಫ್ ಮೈದಾನಕ್ಕೆ ಹೋಗುತ್ತಾರೆ. ನಾಲ್ವರ ಗುಂಪಿನಲ್ಲಿ ಒಬ್ಬ ಕಡಿಮೆಯಾದಾಗ ನನ್ನನ್ನು ಕರೆಯುತ್ತಾರೆ. ಅವರ ಹಳೆಯ ಕೋಲುಗಳಲ್ಲೇ ಕಲಿತೆ. 18 ಹೋಲ್ ಮುಗಿಸಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಎರಡನೆಯದು ಹಿತ್ತಲು. ಕರಿಬೇವು, ನಿಂಬೆ, ದಾಸವಾಳ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಾಂಗ್ರೆಸ್ ಕಸ ಸೊಂಟದವರೆಗೆ ಬೆಳೆದಿರುತ್ತದೆ. ಮೂರನೆಯದು ನೆಂಟರು. ಚಿಂಚ್‌ವಡದ ಅಕ್ಕನ ಮನೆಯಲ್ಲಿ ಕುಬಸ, ಹಡಪ್ಸರದ ಕಾಕಾನ ಮನೆಯಲ್ಲಿ ತೊಟ್ಟಿಲು ಕಾರ್ಯ, ಇನ್ನೆಲ್ಲೋ ಗೃಹಪ್ರವೇಶ. ಹೋಗದಿದ್ದರೆ ನೆನಪಿಟ್ಟುಕೊಳ್ಳುತ್ತಾರೆ.

ಈ ಮೂರರ ನಡುವೆ ದಿನವನ್ನು ಹೇಗೆ ಹಂಚಬೇಕು ಅಂದರೆ ನಮ್ಮಲ್ಲಿ ಎರಡು ಉತ್ತರ ಸಿಗುತ್ತವೆ. ಹಿರಿಯರು ಹೇಳುವುದು: ಮೊದಲು ಕರ್ತವ್ಯ, ಆಮೇಲೆ ಆಟ. ಗೆಳೆಯರು ಹೇಳುವುದು: ಆರು ದಿನ ದುಡಿದಿದ್ದೀಯ, ಏಳನೆಯದು ನಿನ್ನದು, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ.

ಮೊದಲ ಉತ್ತರದ ತೊಂದರೆ ಏನೆಂದರೆ, ಕರ್ತವ್ಯಕ್ಕೆ ಕೊನೆ ಇಲ್ಲ. ಕಿತ್ತ ಜಾಗದಲ್ಲೇ ಕಸ ಮತ್ತೆ ಚಿಗುರುತ್ತದೆ. ಒಂದು ಮನೆಯ ಕಾರ್ಯ ಮುಗಿಸಿ ಬರುವಷ್ಟರಲ್ಲಿ ಇನ್ನೊಂದು ಮನೆಯ ಕರೆ ಬಂದಿರುತ್ತದೆ. 'ಎಲ್ಲ ಮುಗಿದ ಮೇಲೆ' ಅನ್ನುವ ಹೊತ್ತು ಬರುವುದೇ ಇಲ್ಲ. ಅದಕ್ಕೆ ಕಾಯುತ್ತ ಕೂತವನು ಕಾಕಾನ ಮನೆಯ ಜಮಖಾನದ ಮೇಲೆ ಕೂತು ಮೊಬೈಲಿನಲ್ಲಿ ಗಂಟೆ ನೋಡುತ್ತಿರುತ್ತಾನೆ. ಅಲ್ಲಿ ಬಂದಿರುವುದು ಮೈ, ಮನಸ್ಸಲ್ಲ. ಅಂಥ ಹಾಜರಿ ಕೊಡುವವನಿಗೂ ಭಾರ, ಪಡೆಯುವವರಿಗೂ ಭಾರ.

ಎರಡನೆಯ ಉತ್ತರ ಕೇಳಲು ಚೆನ್ನಾಗಿದೆ. ಆದರೆ ಏಳನೆಯ ದಿನ ನಾನೊಬ್ಬನೇ ಗಳಿಸಿದ್ದು ಅನ್ನುವ ಮಾತು ನಿಜವಲ್ಲ. ಅದಕ್ಕೊಂದು ಇತಿಹಾಸ ಇದೆ, ಅದೂ ನಾವು ಇರುವ ಈ ಕಡೆಯದೇ.

ಮುಂಬೈಯ ಹತ್ತಿ ಗಿರಣಿಗಳ ಕಾರ್ಮಿಕರಿಗೆ ವಾರದ ರಜೆ ಎಂಬುದು ಇಲ್ಲದ ಕಾಲವಿತ್ತು. ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕಾರ್ಮಿಕರ ಸಂಘ ಕಟ್ಟಿದರು. ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಸರಿಯಾದ ಹೊತ್ತಿಗೆ ಪಗಾರ, ಇವು ಅವರ ಬೇಡಿಕೆಗಳಲ್ಲಿ ಇದ್ದವು. ವರ್ಷಗಟ್ಟಲೆ ಕೇಳಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. 2005ರಲ್ಲಿ ಅಂಚೆ ಇಲಾಖೆ ಲೋಖಂಡೆಯವರ ಹೆಸರಲ್ಲಿ ಚೀಟಿ ಹೊರಡಿಸಿದೆ. ಆ ಕಾರ್ಮಿಕರಲ್ಲಿ ಬಹಳ ಜನರಿಗೆ ಭಾನುವಾರ ಅಂದರೆ ಜೇಜುರಿಯ ಖಂಡೋಬನ ವಾರ. ನಮ್ಮ ಕಡೆ ಅದೇ ದೇವರನ್ನು ಮೈಲಾರಲಿಂಗ ಅನ್ನುತ್ತೇವೆ.

ಇಲ್ಲಿ ಗಮನಿಸಬೇಕಾದದ್ದು ಒಂದು. ಅವರು ಒಬ್ಬೊಬ್ಬರಾಗಿ ಹೋಗಿ 'ನನಗೊಂದು ದಿನ ಬಿಡಿ' ಅಂತ ಕೇಳಲಿಲ್ಲ. ಎಲ್ಲರಿಗೂ, ಒಂದೇ ದಿನ ಅಂತ ಕೇಳಿದರು. ಒಬ್ಬನಿಗೆ ಮಂಗಳವಾರ, ಇನ್ನೊಬ್ಬನಿಗೆ ಗುರುವಾರ ಸಿಕ್ಕಿದ್ದರೆ ಮೈಗೆ ವಿಶ್ರಾಂತಿ ಆಗುತ್ತಿತ್ತು, ಆದರೆ ಜೊತೆಗೆ ಕೂತು ಊಟ ಮಾಡುವುದು, ಜಾತ್ರೆಗೆ ಹೋಗುವುದು ಆಗುತ್ತಿರಲಿಲ್ಲ. ಭಾನುವಾರ ಹುಟ್ಟಿದ್ದೇ ಹಂಚಿಕೊಳ್ಳುವ ದಿನವಾಗಿ.

ಗಾಲ್ಫಿನ ತವರಿನಲ್ಲೂ ಈ ಪ್ರಶ್ನೆ ಹಳೆಯದು. ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲೇ ಗಾಲ್ಫನ್ನು ನಿಷೇಧಿಸಿತ್ತು. ಗಂಡಸರು ಬಿಲ್ಲುವಿದ್ಯೆಯ ಅಭ್ಯಾಸ ಬಿಟ್ಟು ಆಟಕ್ಕೆ ಬೀಳುತ್ತಾರೆ ಅಂತ. ಮುಂದೆ ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಆಡಿದವರಿಗೆ ಶಿಕ್ಷೆಯೂ ಆಗುತ್ತಿತ್ತು. ಸೇಂಟ್ ಆಂಡ್ರೂಸ್ ಊರಿನ ಹೆಸರಾಂತ ಹಳೆಯ ಮೈದಾನದಲ್ಲಿ ಇವತ್ತಿಗೂ, ದೊಡ್ಡ ಟೂರ್ನಿಗಳನ್ನು ಬಿಟ್ಟರೆ, ಭಾನುವಾರ ಆಟವಿಲ್ಲ. ಆ ದಿನ ಊರಿನವರು ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಅದೇ ಹುಲ್ಲಿನ ಮೇಲೆ ತಿರುಗಾಡುತ್ತಾರೆ. ಆರು ದಿನ ಆಟಗಾರರ ನೆಲ, ಏಳನೆಯ ದಿನ ಊರಿನ ನೆಲ.

ಇಷ್ಟು ತಿಳಿದ ಮೇಲೆ ನಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. 'ಭಾನುವಾರ ನಾನು ಆಡಬಹುದೇ?' ಅನ್ನುವುದು ಸರಿಯಾದ ಪ್ರಶ್ನೆಯಲ್ಲ. 'ನನ್ನ ಮನೆಯಲ್ಲಿ ಭಾನುವಾರವೇ ಇಲ್ಲದವರು ಯಾರು?' ಅನ್ನುವುದು ಸರಿಯಾದ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕುವಾಗ ಕೆಲಸದ ಹೆಸರು ನೋಡಿದರೆ ಮೋಸ ಹೋಗುತ್ತೇವೆ. ಹಿತ್ತಲು ನನಗೆ ಕೆಲಸ. ಅಪ್ಪನಿಗೆ ಅದೇ ಆಟ. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕುರ್ಪಿ ಹಿಡಿದು ನಿಂಬೆ ಗಿಡದ ಬುಡ ಕೆದಕುತ್ತ ಕೂತರೆ ಅವರಿಗೆ ಊಟದ ನೆನಪೂ ಇರುವುದಿಲ್ಲ. 'ನೀವು ಕೂಡ್ರಿ, ನಾ ಮಾಡ್ತೀನಿ' ಅಂತ ಅದನ್ನು ಕಸಿದುಕೊಂಡರೆ ನಾನು ಅವರ ಭಾನುವಾರವನ್ನೇ ಕಸಿದುಕೊಂಡ ಹಾಗೆ. ಬಗ್ಗಿ ಕಸ ಕೀಳುವುದು, ಗೊಬ್ಬರದ ಚೀಲ ಎತ್ತುವುದು ನನ್ನ ಪಾಲು. ಗಿಡ ಅವರ ಪಾಲು.

ನೆಂಟರ ಮನೆಯೂ ಹಾಗೆಯೇ. ತೊಟ್ಟಿಲು ಕಾರ್ಯಕ್ಕೆ ಹೋದರೆ ಅಣ್ಣನಿಗೆ, ನನಗೆ ಕುರ್ಚಿ ಹಾಕುತ್ತಾರೆ, ಚಹಾ ಬರುತ್ತದೆ. ವೈನಿ ಚಪ್ಪಲಿ ಬಿಟ್ಟವರೇ ನೇರವಾಗಿ ಅಡುಗೆಮನೆಗೆ ನಡೆಯುತ್ತಾರೆ. ಅಲ್ಲಿ ಐವತ್ತು ಜನರಿಗೆ ಚಪಾತಿ ಲಟ್ಟಿಸಿ, ಮನೆಗೆ ಬಂದು ಮತ್ತೆ ಒಲೆ ಹಚ್ಚಬೇಕು. ನಾವಿಬ್ಬರೂ 'ಭಾನುವಾರ ಕಾಕಾನ ಮನೆಗೆ ಹೋಗಿದ್ದೆವು' ಅಂತಲೇ ಹೇಳುತ್ತೇವೆ. ಮಾತು ಒಂದೇ, ದಿನ ಒಂದೇ ಅಲ್ಲ.

ಇದು ನಮ್ಮ ಮನೆಯ ಕತೆ ಮಾತ್ರವಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ. ಮಾಡುವ ಗಂಡಸರು 97 ನಿಮಿಷ. ಸುಮಾರು ಐದು ಗಂಟೆ ಒಂದು ಕಡೆ, ಒಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು ಇನ್ನೊಂದು ಕಡೆ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರಷ್ಟು ಮಾತ್ರ.

ಆಫೀಸಿನಲ್ಲಿ ಇಂಥದ್ದಕ್ಕೆ ನಮಗೆ ಒಂದು ಪದ ಗೊತ್ತು: ಕಾಂಪ್ ಆಫ್. ರಜೆಯ ದಿನ ಸರ್ವರ್ ಕೆಟ್ಟು ಕೆಲಸಕ್ಕೆ ಬಂದರೆ ಇನ್ನೊಂದು ದಿನ ರಜೆ ಕೇಳುತ್ತೇವೆ. ಸಿಗದಿದ್ದರೆ ಕ್ಯಾಂಟೀನಿನಲ್ಲಿ ಕೂತು ಬೈಯುತ್ತೇವೆ. ಅಪ್ಪನ ಕಾಲದ 1948ರ ಕಾರ್ಖಾನೆ ಕಾಯ್ದೆಯಲ್ಲೂ ಇದು ಇತ್ತು: ವಾರದ ಮೊದಲ ದಿನ ಕೆಲಸಕ್ಕೆ ಕರೆದರೆ, ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೆ ಒಂದು ಪೂರ್ತಿ ದಿನ ರಜೆ ಕೊಡಬೇಕು. ಈ ನ್ಯಾಯ ಕಾರ್ಖಾನೆಯ ಗೇಟಿಗೆ ಬಂದು ನೂರು ವರ್ಷ ದಾಟಿದೆ. ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ.

ಹಾಗಾದರೆ ಹೇಗೆ ಹಂಚುವುದು? ಗಡಿಯಾರ ಹಿಡಿದು ಸಮಪಾಲು ಮಾಡಲು ಆಗುವುದಿಲ್ಲ. ಇಲ್ಲಿ ಗಾಲ್ಫಿನಿಂದಲೇ ಎರಡು ಮಾತು ಕಲಿಯಬಹುದು ಅನ್ನಿಸುತ್ತದೆ.

ಒಂದು, ಹ್ಯಾಂಡಿಕ್ಯಾಪ್. ಬಲವಿರುವವನು ಬಲ ಕಡಿಮೆ ಇರುವವನಿಗೆ ಹೊಡೆತಗಳ ರಿಯಾಯಿತಿ ಕೊಡುವ ಪದ್ಧತಿ ಇದು. ನಮ್ಮ ಹಿರಿಯರ ಲೆಕ್ಕ 12, ನನ್ನದು 30 ಅಂದುಕೊಳ್ಳಿ. ಅವರು 86 ಹೊಡೆತದಲ್ಲಿ ಮುಗಿಸಿದರೆ ನಿವ್ವಳ 74. ನಾನು 103 ಹೊಡೆದರೂ ನಿವ್ವಳ 73, ಗೆದ್ದವನು ನಾನೇ. ಇದನ್ನು ಅಲ್ಲಿ ಯಾರೂ ದಾನ ಅನ್ನುವುದಿಲ್ಲ. ಇದಿಲ್ಲದಿದ್ದರೆ ನಮ್ಮಿಬ್ಬರ ನಡುವೆ ಆಟವೇ ನಡೆಯುವುದಿಲ್ಲ. ಮನೆಯಲ್ಲೂ ಹಾಗೆ. ವಾರವಿಡೀ ಯಾರ ಮೇಲೆ ಭಾರ ಕಡಿಮೆಯೋ ಅವರು ಭಾನುವಾರ ರಿಯಾಯಿತಿ ಕೊಡಬೇಕು. ಅದನ್ನು 'ಸಹಾಯ' ಅನ್ನಬೇಡಿ. ಸಹಾಯ ಅಂದ ಕೂಡಲೇ ಕೆಲಸ ಅವರದೇ ಅಂತ ಒಪ್ಪಿಕೊಂಡಂತಾಯಿತು.

ಎರಡು, ತನ್ನ ಲೆಕ್ಕ ತಾನೇ ಬರೆಯುವುದು. ಗಾಲ್ಫಿನಲ್ಲಿ ಪ್ರತಿ ಆಟಗಾರನ ಹಿಂದೆ ಅಂಪೈರ್ ಇರುವುದಿಲ್ಲ. 1925ರ ಯು.ಎಸ್. ಓಪನ್‌ನಲ್ಲಿ ಬಾಬಿ ಜೋನ್ಸ್ ಹೊಡೆಯಲು ನಿಂತಾಗ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ನೋಡಿರಲಿಲ್ಲ. ಅವರೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡರು. ಕೊನೆಗೆ ಅಂಕ ಸಮವಾಗಿ, ಪ್ಲೇಆಫ್‌ನಲ್ಲಿ ಸೋತರು. ಮನೆಯಲ್ಲೂ ಅಂಪೈರ್ ಇಲ್ಲ. ಅವ್ವ ಎಷ್ಟು ಹೊತ್ತು ನಿಂತಿದ್ದಳು ಅಂತ ಯಾರೂ ಸೀಟಿ ಊದುವುದಿಲ್ಲ. ನೋಡಿದವನೇ ಬರೆದುಕೊಳ್ಳಬೇಕು.

ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. 'ನಮ್ಮ ಅವ್ವನೇ ಬೇಡ ಅಂತಾಳೆ. ರಜಾ ಕೊಟ್ಟರೆ ಏನ್ ಮಾಡ್ಲೆಪಾ ಅಂತ ಕೇಳ್ತಾಳೆ.' ನಿಜ, ನಮ್ಮವ್ವನೂ ಹಾಗೇ ಕೇಳುತ್ತಾಳೆ. ಆದರೆ ಒಲೆಯ ಮೇಲೆ ಸಾರು ಕುದಿಯುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು 'ನಿನಗೆ ರಜೆ ಬೇಕಾ?' ಅಂದರೆ ಅದು ಪ್ರಶ್ನೆಯಲ್ಲ. ಯಾವತ್ತೂ ರಜೆ ಕಾಣದವರಿಗೆ ಅದರಲ್ಲಿ ಏನು ಮಾಡಬೇಕು ಅಂತ ಹೇಗೆ ತಿಳಿಯಬೇಕು? ಮೊದಲು ಹೊತ್ತು ಕೊಡಬೇಕು, ಬಯಕೆ ಆಮೇಲೆ ಹುಟ್ಟುತ್ತದೆ. ಗಿರಣಿಯವರಿಗೂ ಮೊದಲು ರಜೆ ಸಿಕ್ಕಿತು. ಭಜನೆ, ತಾಲೀಮು, ನಾಟಕ ಅದರಲ್ಲಿ ತಾವಾಗಿ ತುಂಬಿಕೊಂಡವು.

ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ. ತಿಂಗಳಿಗೆ ನಾಲ್ಕು ಭಾನುವಾರ. ಒಂದರ ಬೆಳಗು ನನ್ನದು, ಒಂದು ಅಣ್ಣನದು, ಒಂದು ವೈನಿಯದು, ಒಂದು ಅವ್ವನದು. ಯಾರ ಬೆಳಗೋ ಅವರನ್ನು ಮಧ್ಯಾಹ್ನ ಹನ್ನೆರಡರ ತನಕ ಯಾರೂ ಏನೂ ಕೇಳುವಂತಿಲ್ಲ. ಅಡುಗೆ, ಮಗು, ಹಾಲು, ನೀರಿನ ಟ್ಯಾಂಕು ಉಳಿದವರ ಪಾಲು. ಐದನೆಯ ಭಾನುವಾರ ಬಂದರೆ ಎಲ್ಲರೂ ಕೂಡಿ. ವೈನಿ ಗೆಳತಿಯ ಜೊತೆ ತುಳಸಿಬಾಗಿಗೆ ಹೋಗುತ್ತಾರೆ. ಅವ್ವ ಮೊದಲ ಸಲ ಏನೂ ಮಾಡಲಿಲ್ಲ, ಮಲಗಿದಳು. ಎದ್ದು 'ಹೊತ್ತು ಎಷ್ಟಾತು?' ಅಂತ ಮೂರು ಸಲ ಕೇಳಿದಳು. ಈಗ ಮೊಮ್ಮಗಳನ್ನು ಬಿಟ್ಟು ಒಬ್ಬಳೇ ದೇವಸ್ಥಾನಕ್ಕೆ ಹೋಗಿ, ಅಲ್ಲಿ ಸಿಗುವ ಬಾಗಲಕೋಟೆ ಕಡೆಯ ಹೆಂಗಸರ ಜೊತೆ ಕೂತು ಮಾತಾಡಿ ಬರುತ್ತಾಳೆ.

ಇದಕ್ಕೆ ಬೆಲೆ ಇಲ್ಲದಿಲ್ಲ. ಗಾಲ್ಫಿಗೆ ಎರಡು ಸಲ ಬರಲಾಗದು ಅಂದವನಿಗೆ ಮೂರನೆಯ ಸಲ ಕರೆ ಬರುವುದು ಕಡಿಮೆ. ಡಿಗ್ರಿ ಇಲ್ಲದ ನನ್ನಂಥವನಿಗೆ ಆ ನಾಲ್ವರ ಜೊತೆಗಿನ ನಡಿಗೆ ಬರೀ ಆಟವಲ್ಲ. ಮುಂದಿನ ಕೆಲಸದ ಸುದ್ದಿ ಅಲ್ಲಿಯೇ ಕಿವಿಗೆ ಬೀಳುವುದು. ಆ ನಷ್ಟ ನಿಜವಾದ ನಷ್ಟ. ಆದರೂ ಹೇಳುತ್ತೇನೆ: ಬೇರೆ ಯಾರ ಬೆಳಗಿನಿಂದಲೂ ಕದಿಯದ ಒಂದು ಭಾನುವಾರ, ಕದ್ದ ನಾಲ್ಕಕ್ಕಿಂತ ಹಗುರ. ಆ ದಿನ ನಾನು ಚೆಂಡನ್ನು ನೋಡುತ್ತೇನೆ, ಗಡಿಯಾರವನ್ನಲ್ಲ.

ಒಂದು ಗಂಟು ಮಾತ್ರ ಬಿಡಿಸಲು ಬಂದಿಲ್ಲ. ನಮ್ಮ ಚೀಲ ಹೊರುವ ಕ್ಯಾಡಿಗೆ ಭಾನುವಾರವೇ ದುಡಿಮೆಯ ದಿನ. ನಾವು ರಜೆ ಮಾಡಿದರೆ ಅವರ ಕೂಲಿ ಹೋಗುತ್ತದೆ. ಆಡಿದರೆ ಅವರ ಮಕ್ಕಳ ಜೊತೆಗಿನ ಹೊತ್ತು ಹೋಗುತ್ತದೆ. ಮಾತಾಡಿದ ಕೂಲಿಯನ್ನು ಆಟ ಮುಗಿದ ಕೂಡಲೇ ಕೊಡುವುದು, ಹರಟೆಯಲ್ಲಿ ಅವರನ್ನು ಕಾಯಿಸದಿರುವುದು, ಇಷ್ಟು ನಮ್ಮ ಕೈಯಲ್ಲಿದೆ. ಇಷ್ಟರಿಂದ ಲೆಕ್ಕ ಚುಕ್ತಾ ಆಯಿತು ಅನ್ನಲಾರೆ.

ಸ್ವಾಮಿಗಳೇ, ಮಾಲೆ ಹಾಕುವ ದಿನಗಳಲ್ಲಿ ಭಾನುವಾರಕ್ಕೆ ಇನ್ನೊಂದು ಪಾಲು ಸೇರುತ್ತದೆ. ವ್ರತ ನಮ್ಮದು, ನಸುಕಿನಲ್ಲಿ ಎದ್ದು ನಮಗಾಗಿ ಬೇರೆ ಅಡುಗೆ ಮಾಡುವವರು, ಭಜನೆಗೆ ಬಂದ ಇಪ್ಪತ್ತು ಸ್ವಾಮಿಗಳ ತಟ್ಟೆ ತೊಳೆಯುವವರು ಯಾರು ಅಂತ ಈ ಸಲ ಎಣಿಸಿ ನೋಡಿ. ತಟ್ಟೆ ತೊಳೆದರೆ ವ್ರತಕ್ಕೆ ಭಂಗವಿಲ್ಲ.

ಈ ಶನಿವಾರ ರಾತ್ರಿ ಕ್ಯಾಲೆಂಡರ್ ತೆಗೆದು ಮನೆಯವರ ನಡುವೆ ಇಡಿ. ನಿಮ್ಮ ಹೆಸರನ್ನು ಕೊನೆಯಲ್ಲಿ ಬರೆಯಿರಿ.

ಸ್ವಾಮಿ ಶರಣಂ.