ನೀಲಿಯಾದ ಸೀಸೆಗಳು

ಒಂದು ಜೀವವನ್ನು ತಿಳಿಯುವುದಕ್ಕಾಗಿ ಅದನ್ನು ಕೊಲ್ಲಬಹುದೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಕೋಠಿಯಲ್ಲಿ ಕೊಂಡ ಒಂದು ಬಾಲ್‌ಪೆನ್ನಿನಿಂದ.

ನನ್ನ ರೂಮ್‌ಮೇಟ್ ರಾಯಚೂರಿನವನು. ಇಲ್ಲಿ ಹೈದರಾಬಾದಿನಲ್ಲಿ ಕೀಟಶಾಸ್ತ್ರ ಓದುತ್ತಾನೆ. ಕಳೆದ ಮಳೆಗಾಲದಲ್ಲಿ ಇಬ್ಬರೂ ಕೋಠಿಗೆ ಹೋಗಿ ಇಪ್ಪತ್ತು ಹಳದಿ ಪ್ಲಾಸ್ಟಿಕ್ ಬಟ್ಟಲು ತಂದೆವು. ಹಳೇ ಪುಸ್ತಕದಂಗಡಿಗಳ ಸಾಲಿನಲ್ಲಿ ನಾನೊಂದು ಪೆನ್ನು ಕೊಂಡೆ. ಊರಾಚೆಯ ಭತ್ತದ ಗದ್ದೆಯ ಬದುವಿನ ಮೇಲೆ ಬಟ್ಟಲುಗಳನ್ನಿಟ್ಟು, ನೀರು ತುಂಬಿ, ನಾಲ್ಕು ಹನಿ ಸೋಪು ಹಾಕಿದೆವು. ಹಳದಿ ಬಣ್ಣಕ್ಕೆ ಸೋತು ಬರುವ ಪರಾವಲಂಬಿ ಕಣಜಗಳು ಸೋಪಿನ ನೀರಿನಲ್ಲಿ ತೇಲಲಾರದೆ ಮುಳುಗುತ್ತವೆ. ಮರುದಿನ ಸೋಸಿ ಆಲ್ಕೋಹಾಲ್ ಸೀಸೆಗೆ ಹಾಕಬೇಕು. ಸೀಸೆಯೊಳಗೇ ಒಂದು ಚೀಟಿ: ಸ್ಥಳ, ತಾರೀಖು, ಹಿಡಿದವರ ಹೆಸರು. ಚೀಟಿ ಬರೆಯುವ ಕೆಲಸ ನನ್ನದು.

ಇವುಗಳಲ್ಲಿ ಎಷ್ಟೋ ಕಣಜಗಳು ಎರಡು ಮಿಲಿಮೀಟರ್ ಕೂಡ ಇಲ್ಲ. ಬೇರೆ ಹುಳದ ಮೈಯೊಳಗೆ ಮೊಟ್ಟೆಯಿಡುತ್ತವೆ. ಮರಿಗಳು ಅದನ್ನು ಒಳಗಿನಿಂದ ತಿಂದು ಬೆಳೆಯುತ್ತವೆ. ದಯಾಮಯನಾದ ದೇವರು ಇಂಥವನ್ನು ಬೇಕೆಂದೇ ಸೃಷ್ಟಿಸಿದನೆಂದು ತಾನು ನಂಬಲಾರೆ ಎಂದು ಡಾರ್ವಿನ್ 1860ರಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ. ನಮ್ಮ ಭಾಷೆಯಲ್ಲಾದರೋ ಕಣಜವೆಂದರೆ ಧಾನ್ಯ ತುಂಬಿಡುವ ಜಾಗವೂ ಹೌದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ತೋಟಗಳನ್ನು ಹಾಳುಮಾಡಿದಾಗ, 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ ಸಾಕಿ ಬಿಟ್ಟ ಪುಟ್ಟ ಕಣಜಗಳೇ ಅದನ್ನು ಹತೋಟಿಗೆ ತಂದವು. ಯಾವ ತಿಗಣೆಗೆ ಯಾವ ಕಣಜ ಎಂಬುದು ಗೊತ್ತಿದ್ದರಿಂದ ಇದು ಸಾಧ್ಯವಾಯಿತು. ಯಾರೋ ಹಿಂದೆ ಅವನ್ನು ಹಿಡಿದು, ಕೊಂದು, ಹೆಸರಿಟ್ಟಿದ್ದರು. ಚಿಟ್ಟೆಯಂತೆ ಫೋಟೊ ನೋಡಿ ಗುರುತಿಸುವ ಹುಳಗಳಲ್ಲ ಇವು. ಮೀಸೆಯ ಗಿಣ್ಣು, ರೆಕ್ಕೆಯ ನರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಇಷ್ಟು ಸಮಾಧಾನ ನನಗೆ ಸಾಕಾಗಿತ್ತು, ವಾರದ ನಂತರ ಸೀಸೆಗಳು ನೀಲಿಯಾಗುವವರೆಗೆ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ. ಪೆನ್ಸಿಲಿನಲ್ಲಿ ಬರೆಯಬೇಕಿತ್ತು. ಗೆಳೆಯ ಬೈಯಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು, "ಇನ್ನ ಇವು ಬರೇ ಸತ್ತ ಹುಳ ನೋಡಪಾ" ಅಂದ.

ಹುಳಗಳಿಗೆ ಏನೂ ಬದಲಾಗಿರಲಿಲ್ಲ. ಹಿಂದಿನ ವಾರವೂ ಸತ್ತೇ ಇದ್ದವು. ಆದರೂ ಅವನ್ನು ಕೊಂದದ್ದು ನನಗೆ ತಟ್ಟಿದ್ದು ಅವತ್ತೇ. ಅಲ್ಲಿಯವರೆಗೆ, ಜ್ಞಾನಕ್ಕಾಗಿ ಕೊಂದರೆ ಅದು ತಪ್ಪಲ್ಲ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕೊಂದದ್ದು ಸಾಲ. ಚೀಟಿ ಆ ಸಾಲದ ಪತ್ರ. ಕೂತು ನೋಡಿ, ಗುರುತಿಸಿ, ಇನ್ನೊಬ್ಬರಿಗೆ ಸಿಗುವಂತೆ ಇಟ್ಟಾಗ ಒಂದಿಷ್ಟು ತೀರುತ್ತದೆ. ಪೂರ್ತಿ ತೀರುತ್ತದೆಂದು ಹೇಳುವವರು ನಾವೇ ಹೊರತು ಕಣಜವಲ್ಲ. ಆದ್ದರಿಂದ ಕೊಲ್ಲಬಹುದೇ ಎಂಬುದರ ಜೊತೆಗೇ ಎಷ್ಟನ್ನು ಎಂದೂ ಕೇಳಿಕೊಳ್ಳಬೇಕು. ಬಟ್ಟಲಿನಲ್ಲಿ ನಮಗೆ ಬೇಡದ ನೊಣ, ಜೇಡ, ಸಣ್ಣ ಜೇನೂ ಬಿದ್ದಿದ್ದವು. ಅವಕ್ಕೆ ನಮ್ಮಲ್ಲಿ ಚೀಟಿಯೇ ಇರಲಿಲ್ಲ.

ಮುಂದಿನ ಸಲ ಗದ್ದೆಗೆ ಹೋದಾಗ ಎಂಟೇ ಬಟ್ಟಲು ಇಟ್ಟೆವು. ಒಂದು ತಿಂಗಳಲ್ಲಿ ಅವನು ನೋಡಿ ಮುಗಿಸಬಲ್ಲದ್ದು ಅಷ್ಟೇ. ಜೇನು ಬಿದ್ದ ಸೀಸೆಗೂ ಚೀಟಿ ಹಾಕಿದೆ, ಪೆನ್ಸಿಲಿನಲ್ಲಿ.